ಚರ್ಮ ಪ್ರಶ್ನೋತ್ತರ: ಸಿಯೋಲ್‌ನ ಹತ್ತು ಬಾಟಲಿ, ನಮ್ಮೂರಿನ ಬೆವರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊರಿಯನ್ ಚರ್ಮದ ಆರೈಕೆಯ ಬಗ್ಗೆಯೇ ಇವೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. 2019ರ ಜನವರಿಯಿಂದ ಮಾರ್ಚ್‌ವರೆಗೆ ನಾನು ತರಬೇತಿಗೆಂದು ಸಿಯೋಲ್‌ನಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಲ್ಲಿ ಕಂಡದ್ದು ಕೆಲವು ಉತ್ತರಗಳಲ್ಲಿ ಬಂದಿದೆ.

ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ. ಐದು ತಿಂಗಳಿಂದ ಹತ್ತು ಹಂತದ ಕೊರಿಯನ್ ಕ್ರಮ ತಪ್ಪದೆ ಮಾಡುತ್ತಿದ್ದೇನೆ. ಎಣ್ಣೆ ಕ್ಲೆನ್ಸರ್, ನೊರೆ ಕ್ಲೆನ್ಸರ್, ಸ್ಕ್ರಬ್, ಟೋನರ್, ಎಸೆನ್ಸ್, ಸೀರಮ್, ಶೀಟ್ ಮಾಸ್ಕ್, ಐ ಕ್ರೀಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮುಖ ಗಾಜಿನಂತಾಗುವ ಬದಲು ಹಣೆ ತುಂಬಾ ಒಂದೇ ಅಳತೆಯ ಸಣ್ಣ ಗುಳ್ಳೆಗಳೆದ್ದು ತುರಿಸುತ್ತಿವೆ. ಮೊಡವೆ ಕ್ರೀಮಿಗೂ ಬಗ್ಗಲಿಲ್ಲ. ಎಲ್ಲಿ ತಪ್ಪಿದೆ, ಮೇಡಂ?
— ಪುತ್ತೂರು

ಮಗಳೇ, ನಿನ್ನ ಶ್ರದ್ಧೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಹವೆಯ ಲೆಕ್ಕ.

ಸಿಯೋಲ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಕೆಳಗೆ. ಉತ್ತರದಿಂದ ಬೀಸುವ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಮನೆಯೊಳಗೆ ಹೋದರೆ ‘ಓಂಡೊಲ್’, ಅಂದರೆ ನೆಲದಡಿಯಿಂದ ಬಿಸಿ ಕೊಡುವ ವ್ಯವಸ್ಥೆ. ಅದು ಕೋಣೆಯ ಗಾಳಿಯನ್ನು ಇನ್ನಷ್ಟು ಒಣಗಿಸುತ್ತದೆ. ಹೋದ ಒಂದು ವಾರಕ್ಕೆ ನನ್ನ ತುಟಿ ಒಡೆದು, ಮೊಣಕಾಲ ಕೆಳಗಿನ ಚರ್ಮ ಮೀನಿನ ಹುರುಪೆಯಂತೆ ಎದ್ದಿತ್ತು. ಅಂಥ ಹವೆಯಲ್ಲಿ ಮುಖಕ್ಕೆ ನೀರಿನಂಥ ದ್ರವವನ್ನು ಪದರ ಪದರವಾಗಿ ತಟ್ಟಿ, ಮೇಲೆ ಕ್ರೀಮು ಹಚ್ಚಿ ಆ ತೇವವನ್ನು ಹಿಡಿದಿಡುವುದಕ್ಕೆ ಅರ್ಥವಿದೆ. ಅಲ್ಲಿ ಟೋನರಿಗೆ ‘ಸ್ಕಿನ್’ ಅನ್ನುತ್ತಾರೆ. ಅದನ್ನು ಏಳು ಸಲ ಹಚ್ಚುವ ‘ಏಳು ಸ್ಕಿನ್’ ಪದ್ಧತಿಯೂ ಇದೆ. ಅದು ಆ ಚಳಿಗೆ ಹೊಲಿಸಿದ ಕಂಬಳಿ. ನೀನು ಅದನ್ನು ಪುತ್ತೂರಿನ ಸೆಕೆಯಲ್ಲಿ ಹೊದ್ದುಕೊಂಡಿದ್ದೀ.

ನಮ್ಮೆಲ್ಲರ ಚರ್ಮದ ಮೇಲೂ ಮಲಸೀಜಿಯಾ ಎಂಬ ಒಂದು ಜಾತಿಯ ಶಿಲೀಂಧ್ರ ಇರುತ್ತದೆ. ತಲೆಹೊಟ್ಟಿಗೂ ಅದೇ ಕಾರಣ. ಎಣ್ಣೆ ಅದರ ಊಟ, ಬೆವರು ಮತ್ತು ಸೆಕೆ ಅದಕ್ಕೆ ಹಿತ. ಐದಾರು ಪದರದ ಕೆಳಗೆ ಬೆವರು ಕಟ್ಟಿಕೊಂಡಾಗ ಅದು ರೋಮದ ಬುಡದಲ್ಲಿ ಹೆಚ್ಚುತ್ತದೆ. ಒಂದೇ ಅಳತೆಯ ಗುಳ್ಳೆಗಳು, ಹಣೆಯಲ್ಲಿ, ತುರಿಕೆಯೊಂದಿಗೆ, ಮೊಡವೆಯ ಕ್ರೀಮಿಗೆ ಜಗ್ಗದೆ: ನೀನು ಬರೆದದ್ದೆಲ್ಲ ಅದರತ್ತಲೇ ಬೆರಳು ತೋರಿಸುತ್ತಿದೆ. ಸಾಧಾರಣ ಮೊಡವೆ ನೋಯುತ್ತದೆ, ಇಷ್ಟು ತುರಿಸುವುದಿಲ್ಲ. ಒಮ್ಮೆ ಹತ್ತಿರದ ಚರ್ಮವೈದ್ಯರಿಗೆ ತೋರಿಸು. ನಾನು ಊಹಿಸಿದ್ದು ಸರಿಯಿದ್ದರೆ ಶಿಲೀಂಧ್ರಕ್ಕೆ ಕೊಡುವ ಔಷಧಿಯಿಂದ ಕೆಲವು ವಾರಗಳಲ್ಲಿ ಇಳಿಯುತ್ತದೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ಅಭ್ಯಾಸವಿದ್ದರೆ ಸದ್ಯಕ್ಕೆ ನಿಲ್ಲಿಸು.

ಈಗ ಆ ಹತ್ತು ಬಾಟಲಿಗಳ ವಿಷಯ. ನಾನಿದ್ದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿತ್ತು. ಕನ್ನಡಿಯ ಮುಂದೆ ಅವರಿಗಿದ್ದದ್ದು ಮೂರೇ: ‘ಸ್ಕಿನ್’, ‘ಲೋಷನ್’, ಒಂದು ಡಬ್ಬಿ ಕ್ರೀಮು. ಹೊರಡುವಾಗ ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ. ‘ಹತ್ತು ಹೆಜ್ಜೆ’ ಎಂಬುದು ಜಗತ್ತಿಗೆಲ್ಲ ಹಬ್ಬಿದ್ದು ಕೊರಿಯನ್ ಸಾಮಾನನ್ನು ಅಮೆರಿಕದಲ್ಲಿ ಮಾರತೊಡಗಿದವರಿಂದ, 2010ರ ನಂತರದ ವರ್ಷಗಳಲ್ಲಿ. ನಾನು ಅಲ್ಲಿದ್ದಾಗ ಹುಡುಗಿಯರ ಬಾಯಲ್ಲಿದ್ದದ್ದು ‘ಸ್ಕಿಪ್‌ಕೇರ್’: ಬೇಡದ್ದನ್ನು ಬಿಟ್ಟು ಎರಡು ಮೂರಕ್ಕೆ ಇಳಿಸುವುದು.

ನಾಲ್ಕು ವಾರ ಎಲ್ಲ ಬದಿಗಿಡು. ಬೆಳಿಗ್ಗೆ ಮೃದುವಾದ ಫೇಸ್‌ವಾಶ್, ಸನ್‌ಸ್ಕ್ರೀನ್. ರಾತ್ರಿ ಅದೇ ಫೇಸ್‌ವಾಶ್, ಜೆಲ್ಲಿನಂಥ ಹಗುರ ಮಾಯಿಶ್ಚರೈಸರ್. ನಾಲ್ಕು ವಾರ ಯಾಕೆಂದರೆ, ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರುವುದಕ್ಕೆ ಸುಮಾರು 28 ದಿನ ಬೇಕು. ಆಮೇಲೆ ಬೇಕೆನಿಸಿದರೆ ಒಂದೊಂದನ್ನೇ ಸೇರಿಸು, ನಡುವೆ ಎರಡು ವಾರ ಬಿಟ್ಟು. ಒಟ್ಟಿಗೆ ಸೇರಿಸಿದರೆ ಯಾವುದು ಕೈಕೊಟ್ಟಿತೆಂದು ನಿನಗೂ ಗೊತ್ತಾಗದು, ನನಗೂ ಗೊತ್ತಾಗದು. ಸ್ಕ್ರಬ್ಬನ್ನಂತೂ ಮತ್ತೆ ಮುಟ್ಟಬೇಡ.

ಎಣ್ಣೆ ಕ್ಲೆನ್ಸರ್ ಕೆಟ್ಟದ್ದೇನಲ್ಲ. ಮೇಕಪ್ಪು, ನೀರಿಗೆ ಹೋಗದ ಸನ್‌ಸ್ಕ್ರೀನ್ ಎಣ್ಣೆಯಲ್ಲಿ ಕರಗುತ್ತವೆ; ಹಾಗಾಗಿ ಮೊದಲು ಎಣ್ಣೆ, ಆಮೇಲೆ ನೊರೆ. ಮನೆಯಲ್ಲೇ ಇದ್ದ ದಿನ ಅದರ ಅಗತ್ಯವಿಲ್ಲ. ಅದರ ಬದಲಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಕ್ಲೆನ್ಸಿಂಗ್ ಎಣ್ಣೆಯಲ್ಲಿ ನೀರು ತಾಗಿದೊಡನೆ ಹಾಲಿನಂತಾಗಿ ತೊಳೆದುಹೋಗುವ ಅಂಶವನ್ನು ಬೆರೆಸಿರುತ್ತಾರೆ. ಕೊಬ್ಬರಿ ಎಣ್ಣೆ ಅಲ್ಲೇ ಕುಳಿತು ರಂಧ್ರ ಕಟ್ಟುತ್ತದೆ.

ಮಗಳು ತರಿಸಿದ ಕೊರಿಯನ್ ಎಸೆನ್ಸಿನಲ್ಲಿ ಬಸವನಹುಳುವಿನ ಲೋಳೆ ಇದೆಯಂತೆ. ನಿಜವೇ? ನಾವು ಶುದ್ಧ ಸಸ್ಯಾಹಾರಿಗಳು. ಅದನ್ನು ಬಿಟ್ಟರೆ ಅವಳ ಮುಖಕ್ಕೆ ನಷ್ಟವೇ?
— ಹೊಸನಗರ

ನಿಜ ತಾಯಿ. ಬಾಟಲಿಯ ಹಿಂದೆ ‘ಸ್ನೇಲ್ ಸೆಕ್ರೀಷನ್ ಫಿಲ್ಟ್ರೇಟ್’ ಎಂದಿದ್ದರೆ ಅದು ಬಸವನಹುಳುವಿನ ಲೋಳೆಯನ್ನು ಸೋಸಿದ್ದೇ. ತುಂಬಾ ಮಾರಾಟವಾಗುವ ಒಂದು ಎಸೆನ್ಸಿನ ಹೆಸರಿನಲ್ಲೇ 96 ಎಂಬ ಸಂಖ್ಯೆ ಇದೆ. ನೂರರಲ್ಲಿ 96 ಪಾಲು ಅದೇ ಎಂದು ಅರ್ಥ. ಅದು ಮಾಡುವ ಮುಖ್ಯ ಕೆಲಸ ತೇವ ಹಿಡಿದಿಡುವುದು. ಅದೇ ಕೆಲಸವನ್ನು ಗ್ಲಿಸರಿನ್, ಪ್ಯಾಂಥೆನಾಲ್, ಹುದುಗಿಸಿ ತಯಾರಿಸುವ ಹ್ಯಾಲುರಾನಿಕ್ ಆಮ್ಲ ಮಾಡುತ್ತವೆ, ಕಡಿಮೆ ಬೆಲೆಗೆ. ಬಿಟ್ಟರೆ ನಷ್ಟವಿಲ್ಲ. ‘ಪಿಡಿಆರ್‌ಎನ್’ ಎಂದಿದ್ದರೆ ಅದನ್ನು ಹೆಚ್ಚಾಗಿ ಸಾಲ್ಮನ್ ಮೀನಿನಿಂದ ತೆಗೆದಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

ನಾನು ಅಂಗನವಾಡಿ ಕಾರ್ಯಕರ್ತೆ, 44 ವರ್ಷ. ಎರಡೂ ಕೆನ್ನೆಯಲ್ಲಿ ಭಂಗು ಬಂದಿದೆ. ಪರಿಚಯದವರೊಬ್ಬರು ‘ಕೊರಿಯನ್ ಗ್ಲೋ ಕ್ರೀಮ್’ ಎಂದು ಚೀಟಿಯೂ ಇಲ್ಲದ ಬಿಳಿ ಡಬ್ಬಿ ಕೊಟ್ಟರು, 350 ರೂಪಾಯಿ. ವಾರದಲ್ಲೇ ಮುಖ ಬೆಳ್ಳಗಾಯಿತು, ಎಲ್ಲರೂ ಕೇಳುವವರೇ. ಆರು ತಿಂಗಳಾಯಿತು. ಈಗ ಎರಡು ದಿನ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತಿದೆ. ಭಂಗು ಮೊದಲಿಗಿಂತ ಕಪ್ಪಾಗಿದೆ.
— ಹಾವೇರಿ ಜಿಲ್ಲೆ

ತಂಗಿ, ಈ ಪತ್ರವನ್ನು ಎರಡು ಸಲ ಓದಿದೆ. ನನ್ನ ಚಿಕ್ಕಮ್ಮನ ಮುಖ ಕಣ್ಣ ಮುಂದೆ ಬಂತು. ಅವರೂ ಮಗಳ ಮದುವೆಗೆಂದು ಇಂಥದೇ ಡಬ್ಬಿ ಶುರುಮಾಡಿ ಎರಡು ವರ್ಷ ಹಚ್ಚಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ಕೆನ್ನೆಯ ರಕ್ತನಾಳಗಳು ಕೆಂಪು ದಾರದಂತೆ ಎದ್ದು ಕಾಣುತ್ತಿದ್ದವು. ಮನೆಯಲ್ಲೇ ಒಬ್ಬಳು ಚರ್ಮವೈದ್ಯೆ ಇದ್ದೂ ಹೀಗಾಯಿತಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಆ ಡಬ್ಬಿಯಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ತುಂಬಾ ಹೆಚ್ಚು. ಅದಕ್ಕೂ ಕೊರಿಯಾಕ್ಕೂ ಸಂಬಂಧವಿರಲಾರದು. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಹಾಗಾಗಿ ವಾರದಲ್ಲೇ ಬಿಳುಪು. ಜೊತೆಗೆ ಚರ್ಮವನ್ನು ತೆಳುವಾಗಿಸುತ್ತದೆ, ಮುಖದಲ್ಲಿ ಕೂದಲು ಹುಟ್ಟಿಸುತ್ತದೆ, ಬಿಟ್ಟರೆ ಉರಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮುಗಳನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದ್ದು ಇದೇ ಕಾರಣಕ್ಕೆ. ಹೆಸರಿಲ್ಲದ ಡಬ್ಬಿಗಳಲ್ಲಿ ಪಾದರಸವೂ ಇರಬಹುದು. ಕೇರಳದ ಮಲಪ್ಪುರಂನಲ್ಲಿ ಬಿಳುಪಿನ ಕ್ರೀಮು ಹಚ್ಚಿ ಮೂತ್ರಪಿಂಡದ ಕಾಯಿಲೆಗೆ ಬಿದ್ದವರನ್ನು ಅಲ್ಲಿನ ವೈದ್ಯರು 2023ರಲ್ಲಿ ಗುರುತಿಸಿದ್ದರು.

ಡಬ್ಬಿಯನ್ನು ಎಸೆಯದೆ ಕೈಚೀಲದಲ್ಲಿ ಹಾಕಿಕೊಂಡು ಈ ವಾರವೇ ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಉರಿ ತಡೆಯುವಂತೆ ಔಷಧಿ ಕೊಟ್ಟು ಹೇಗೆ ಬಿಡಿಸಬೇಕೆಂದು ಅವರಿಗೆ ಗೊತ್ತು. ಕಾಲು, ಮುಖ ಊದಿಕೊಂಡಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ ಅದನ್ನೂ ಹೇಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಭಂಗಿಗೆ ಅದೂ ಕಾರಣವಾಗಬಹುದು. ಕೆಲವು ತಿಂಗಳು ಹಿಡಿಯುತ್ತದೆ. ಮುಖ ಸರಿಹೋಗುವ ಮುನ್ನ ಕೆಲ ಕಾಲ ಇನ್ನೂ ಕೆಟ್ಟದಾಗಿ ಕಾಣಬಹುದು. ಆಗ ಮತ್ತೆ ಆ ಡಬ್ಬಿಗೆ ಕೈ ಹಾಕಬೇಡಿ, ಅದೊಂದನ್ನು ನನಗೋಸ್ಕರ ಮಾಡಿ.

ಕೊರಿಯಾದಿಂದ ಕಲಿಯಬೇಕಾದ್ದು ಬೇರೆ ಇದೆ. ಅಲ್ಲಿ ಕಲೆ ತಿಳಿಗೊಳಿಸುತ್ತದೆಂದು ಹೇಳಿ ಮಾರುವ ಕ್ರೀಮಿಗೆ ಕಾನೂನಿನಲ್ಲಿ ಪ್ರತ್ಯೇಕ ವರ್ಗವಿದೆ, ಯಾವ ಅಂಶ ಎಷ್ಟಿರಬೇಕೆಂಬ ಅಳತೆಯೂ ಇದೆ. ನಿಯಾಸಿನಮೈಡ್ ಆದರೆ ಶೇ 2ರಿಂದ 5. ಅದು ಕಲೆಯನ್ನು ನಿಧಾನವಾಗಿ ತಿಳಿ ಮಾಡುತ್ತದೆ, ಹುಟ್ಟಿನ ಬಣ್ಣವನ್ನು ಬದಲಿಸುವುದಿಲ್ಲ. ಬದಲಿಸಬೇಕಾಗಿಯೂ ಇಲ್ಲ. ನಿಮ್ಮ ಚರ್ಮದಲ್ಲಿರುವ ಮೆಲನಿನ್ ಇಷ್ಟು ವರ್ಷ ಬಿಸಿಲಿನಿಂದ ನಿಮ್ಮನ್ನು ಕಾಯ್ದಿದೆ. ಅದು ಕಳೆಯಬೇಕಾದ ಕೊಳೆಯಲ್ಲ.

ಮನೆಮನೆ ಭೇಟಿಗೆ ಹೊರಡುವಾಗ ಕೊಡೆ ಹಿಡಿಯಿರಿ. ಮುಖದ ಉರಿ ಇಳಿದ ಮೇಲೆ ವೈದ್ಯರನ್ನು ಕೇಳಿ ಮೈಬಣ್ಣದ, ಅಂದರೆ ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ. ಭಂಗನ್ನು ಕೆಣಕುವುದು ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ. ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಎಸ್‌ಪಿಎಫ್ 30 ಇದ್ದರೂ ಸಾಕು; ಅದು ಸುಟ್ಟು ಕೆಂಪಾಗಿಸುವ ಕಿರಣಗಳಲ್ಲಿ ಶೇ 97ರಷ್ಟನ್ನು ತಡೆದರೆ 50 ತಡೆಯುವುದು ಶೇ 98. ಸಂಖ್ಯೆಗಿಂತ ಪ್ರಮಾಣ ಮುಖ್ಯ: ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿ, ಅಷ್ಟನ್ನೂ ಮುಖ ಮತ್ತು ಕುತ್ತಿಗೆಗೆ ಹಚ್ಚಬೇಕು. ಕಡಲೆಕಾಳಿನಷ್ಟು ಹಚ್ಚಿ ಪ್ರಯೋಜನವಿಲ್ಲ.

ಮಗಳಿಗೆ 12 ವರ್ಷ. ಹುಟ್ಟುಹಬ್ಬಕ್ಕೆ ರೆಟಿನಾಲ್ ಸೀರಮ್ ಇರುವ ಕೊರಿಯನ್ ಕಿಟ್ ಬೇಕೆಂದು ಹಠ. ಕೊಡಿಸಲೇ?
— ಬೆಂಗಳೂರು

ಬೇಡ. ರೆಟಿನಾಲ್ ಬೆಳೆದ ಚರ್ಮದ ಸುಕ್ಕಿಗೆ ಇರುವುದು. ಮಗುವಿನ ಮುಖಕ್ಕೆ ಹಚ್ಚಿದರೆ ಸಿಪ್ಪೆ ಏಳುವುದು, ಉರಿ. ಫೇಸ್‌ವಾಶ್, ಸನ್‌ಸ್ಕ್ರೀನ್ ಕೊಡಿಸಿ. ಆಸೆಪಟ್ಟಿದ್ದಾಳೆ, ಚೆಂದದ ಡಬ್ಬಿಯಲ್ಲೇ ಕೊಡಿಸಿ.

ಮೊಮ್ಮಗಳು ಅಕ್ಕಚ್ಚನ್ನು ಮೂರು ದಿನ ಹುಳಿ ಬರಿಸಿ, ಕೊರಿಯಾದವರ ಗುಟ್ಟು ಅಂತ ಮುಖಕ್ಕೆ ಹೊಡೆದುಕೊಳ್ಳುತ್ತಾಳೆ. ನಾವು ಅದನ್ನು ದನಕ್ಕೆ ಕೊಡುತ್ತಿದ್ದೆವು. ಮೊನ್ನೆ ಒಂದು ಸೀರಮ್ಮಿಗೆ 1,200 ರೂಪಾಯಿ ಕೊಟ್ಟಳು. ಓದಿಸಿ ನೋಡಿದರೆ ಅದು ಒಂದೆಲಗ! ನಮ್ಮ ಬಾವಿಕಟ್ಟೆಯ ಹತ್ತಿರ ರಾಶಿ ಇದೆ. ಅದನ್ನೇ ಅರೆದು ಹಚ್ಚಬಾರದೇ?
— ಸಾಗರ ತಾಲ್ಲೂಕು, 71 ವರ್ಷ

ಅಮ್ಮಾ, ನಿಮ್ಮ ಪತ್ರದಿಂದ ಮನಸ್ಸಿಗೆ ತಂಪಾಯಿತು. ಮೊಮ್ಮಗಳೂ ತಪ್ಪಲ್ಲ, ನೀವೂ ತಪ್ಪಲ್ಲ.

ಕೊರಿಯಾದ ಹೆಂಗಸರು ಅಕ್ಕಿ ತೊಳೆದ ನೀರಿನಲ್ಲಿ ಮುಖ ತೊಳೆಯುತ್ತಿದ್ದದ್ದು ನಿಜ. ಜೋಸನ್ ಅರಸರ ಕಾಲದಲ್ಲಿ ಅಲ್ಲಿ ಹೆಸರುಕಾಳನ್ನು ಬೀಸಿ ಮುಖ ತೊಳೆಯುವ ಹಿಟ್ಟು ಮಾಡುತ್ತಿದ್ದರು, ಅದಕ್ಕೆ ‘ಜೋದು’ ಎಂದು ಹೆಸರು. ಹೆಸರುಹಿಟ್ಟು ಕೇಳಿದರೆ ನಿಮಗೆ ಬಾಣಂತಿ ಕೋಣೆ ನೆನಪಾಗುತ್ತದೆಯೋ ಏನೋ. ನಾನಿದ್ದ ಮನೆಯ ಅಜ್ಜಿ ಒಂದು ಭಾನುವಾರ ನನ್ನನ್ನು ‘ಮೋಗ್ಯೋಕ್‌ತಾಂಗ್’ಗೆ, ಊರ ಸ್ನಾನದ ಮನೆಗೆ ಕರೆದುಕೊಂಡು ಹೋದರು. ಬಿಸಿನೀರಿನ ತೊಟ್ಟಿಯಲ್ಲಿ ನೆನೆಸಿ, ಹಸಿರು ಒರಟು ಬಟ್ಟೆ ಕೈಗೆ ಹಾಕಿಕೊಂಡು ಬೆನ್ನು ತಿಕ್ಕಿದರು. ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ದಿನ ನನ್ನಮ್ಮ ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಿಕ್ಕುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಆದರೆ ಅಕ್ಕಚ್ಚನ್ನು ಆಗಿಂದಾಗ ಬಳಸಬೇಕು. ಮೂರು ದಿನ ಇಟ್ಟರೆ ಮಲೆನಾಡಿನ ಥಂಡಿಯಲ್ಲಿ ಹುಳಿಯ ಜೊತೆ ಬೂಸ್ಟೂ ಬರುತ್ತದೆ, ಕಣ್ಣಿಗೆ ಕಾಣುವ ಮುಂಚೆಯೇ. ಕಾರ್ಖಾನೆಯಲ್ಲಿ ಹುದುಗಿಸುವುದು ಯಾವ ಸೂಕ್ಷ್ಮಜೀವಿ ಬೇಕೋ ಅದೊಂದನ್ನೇ ಹಾಕಿ, ಆಮೇಲೆ ಸೋಸಿ. ಅಡುಗೆಮನೆಯಲ್ಲಿ ಅದು ಆಗದ ಮಾತು.

ಒಂದೆಲಗಕ್ಕೆ ಅಲ್ಲಿ ‘ಬ್ಯೋಂಗ್‌ಪುಲ್’ ಎನ್ನುತ್ತಾರೆ. ಬಾಟಲಿಯ ಮೇಲೆ ‘ಸಿಕಾ’ ಎಂದಿರುತ್ತದೆ. ಗಿಡ ಒಂದೇ, ಸೆಂಟೆಲ್ಲಾ ಏಷಿಯಾಟಿಕಾ. ಅದರಲ್ಲಿರುವ ಮಡೆಕಾಸೊಸೈಡ್, ಏಷಿಯಾಟಿಕೊಸೈಡ್ ಎಂಬ ಅಂಶಗಳು ಉರಿ ತಣಿಸಿ ಗಾಯ ಮಾಯಲು ನೆರವಾಗುತ್ತವೆ. ಸೀರಮ್ಮಿಗೆ ಆ ಅಂಶಗಳನ್ನಷ್ಟೇ ತೆಗೆದು ಹಾಕಿರುತ್ತಾರೆ. ಹಸಿಯಾಗಿ ಅರೆದರೆ ಎಷ್ಟು ಇಳಿಯಿತೆಂಬ ಅಳತೆ ಇಲ್ಲ, ಎಲೆಯ ಮಣ್ಣು, ರಸದ ನವೆ ಬೇರೆ. ಹಾಗಾಗಿ ಬಾವಿಕಟ್ಟೆಯ ಒಂದೆಲಗ ತಂಬುಳಿಗಿರಲಿ, ಅವಳ ಸೀರಮ್ಮು ಮುಖಕ್ಕಿರಲಿ. ಮುಗಿದ ಮೇಲೆ ಅದೇ ಅಂಶವಿರುವ ಕಡಿಮೆ ಬೆಲೆಯದು ಹುಡುಕಲು ಹೇಳಿ. ನಿಂಬೆಹಣ್ಣು ಮಾತ್ರ ಯಾರೂ ಮುಖಕ್ಕೆ ತಿಕ್ಕಬೇಡಿ. ರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ.

ಆನ್‌ಲೈನ್‌ನಲ್ಲಿ ತರಿಸಿದ ಕೊರಿಯನ್ ಸನ್‌ಸ್ಕ್ರೀನ್ ಮೇಲೆ ಕಳೆದ ವರ್ಷದ ದಿನಾಂಕವಿದೆ. ಫೋಟೊ ಕಳಿಸಿದ್ದೇನೆ. ಅವಧಿ ಮುಗಿದದ್ದನ್ನು ಕಳಿಸಿ ಮೋಸ ಮಾಡಿದರೇ?
— ಹುಬ್ಬಳ್ಳಿ

ಇಲ್ಲ. ಅಲ್ಲಿ ಇಸವಿ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯುತ್ತಾರೆ. ದಿನಾಂಕದ ಪಕ್ಕದ ಎರಡಕ್ಷರದ ಪದವೇ ಮುಖ್ಯ: ‘ಜೇಜೋ’ ಎಂದರೆ ತಯಾರಾದ ದಿನ, ‘ಕಾಜಿ’ ಎಂದರೆ ಅಲ್ಲಿಯವರೆಗೆ ಬಳಸಬಹುದು. ಫೋನಿನ ಅನುವಾದದ ಆ್ಯಪ್ ಹಿಡಿದರೆ ಓದಿ ಹೇಳುತ್ತದೆ. ನಿಮ್ಮ ಟ್ಯೂಬಿನಲ್ಲಿರುವುದು ‘ಜೇಜೋ’.

ನನಗೆ ಕಾಣದೇ ಇದ್ದದ್ದು ಭಾರತದ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆಯ ಚೀಟಿ. ಆಮದಾದ ಸೌಂದರ್ಯ ಸಾಮಗ್ರಿಗೆ ನಮ್ಮ ಕಾನೂನಿನಲ್ಲಿ ಅದು ಕಡ್ಡಾಯ. ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಹುಡುಕಿ. ಸಿಗದಿದ್ದರೆ ವಾಪಸು ಕಳಿಸಿ. ನಕಲಿ ಸನ್‌ಸ್ಕ್ರೀನಿನ ನಷ್ಟ ಹಣದ್ದಷ್ಟೇ ಅಲ್ಲ, ರಕ್ಷಣೆಯಿದೆ ಎಂದು ನಂಬಿ ನೀವು ಬಿಸಿಲಲ್ಲಿ ನಿಲ್ಲುತ್ತೀರಿ. ಸಿಕ್ಕಿದರೆ ತೆರೆದ ದಿನವನ್ನು ಟ್ಯೂಬಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 12 ಎಂದಿದ್ದರೆ, ಅಲ್ಲಿಂದ 12 ತಿಂಗಳು. ಎರಡು ಬೆರಳಿನ ಅಳತೆಯಲ್ಲಿ ದಿನಾ ಹಚ್ಚಿದರೆ ಅದು ಎರಡು ತಿಂಗಳೂ ಬರುವುದಿಲ್ಲ.