ಅಂಟಿಕೊಂಡ ಮದುವೆ ಆಲ್ಬಂ ಬಿಡಿಸಲು

ಹಳೇ ಮದುವೆ ಆಲ್ಬಂನ ಫೋಟೋಗಳು ಪುಟಕ್ಕೆ ಅಂಟಿಕೊಂಡಿವೆ, ಕಿತ್ತರೆ ಹರಿಯುತ್ತಿವೆ, ಬಿಡಿಸುವುದು ಹೇಗೆ ಅಂತ ಕೇಳಿದಿರಲ್ಲ, ಕಾರಣ ಬಹುಶಃ ಪುಟದ ಮೇಲಿನ ಅಂಟಿನ ಗೆರೆಗಳು. ಪ್ಲಾಸ್ಟಿಕ್ ಹೊದಿಕೆಯ ಹಳೇ ಆಲ್ಬಂಗಳಲ್ಲಿ ಇದು ಮಾಮೂಲಿ. ಅಂಟು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಜೊತೆಗೆ ಬೆಂಗಳೂರಿನ ಮಳೆಗಾಲದ ತೇವ ಬೇರೆ.

ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದಿಡಿ, ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಆಮೇಲೆ ಹಲ್ಲುಸಂದಿಯ ಫ್ಲಾಸ್ ದಾರವನ್ನು (ಮೇಣ ಹಚ್ಚದ್ದು) ಫೋಟೋ ಮೂಲೆಯ ಅಡಿಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಡಿಸಿ. ಬಗ್ಗಿಸುವುದಾದರೆ ಪುಟವನ್ನು, ಫೋಟೋವನ್ನಲ್ಲ. ಬಿಡದಿದ್ದರೆ ಪುಟದ ಹಿಂಬದಿಗೆ ಹೇರ್ ಡ್ರೈಯರಿನ ಕಡಿಮೆ ಬಿಸಿ, ಕೆಲವೇ ಸೆಕೆಂಡು. ನೀರು, ಆವಿ ಬೇಡವೇ ಬೇಡ.

ಪ್ಲಾಸ್ಟಿಕ್ಕೇ ಫೋಟೋದ ಮುಖಕ್ಕೆ ಅಂಟಿದ್ದರೆ ಎಳೆಯಬೇಡಿ, ಸೋದರಮಾವನ ಮೀಸೆ ಅದರ ಜೊತೆಗೇ ಎದ್ದುಬರುತ್ತದೆ! ಅಂಥದ್ದನ್ನು ಹಾಗೇ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳ ಸ್ಪಷ್ಟತೆ) ಸ್ಕ್ಯಾನ್ ಮಾಡಿಸಿ.