ಬಂಡೆ ಹತ್ತುವ ಮುಂಚಿನ ರಾತ್ರಿ

ಪ್ರಶ್ನೆ: ಎರಡು ವರ್ಷದಿಂದ ಬಂಡೆ ಹತ್ತುತ್ತಿದ್ದೇನೆ. ಇಲ್ಲಿಯವರೆಗೆ ಹಗ್ಗ ಯಾವಾಗಲೂ ಮೇಲಿನಿಂದಲೇ ಇಳಿಬಿಟ್ಟಿರುತ್ತಿತ್ತು. ಡಿಸೆಂಬರಿನಲ್ಲಿ ಬಾದಾಮಿಗೆ ಹೋಗಿ ಮೊದಲ ಸಲ ಲೀಡ್ ಮಾಡಬೇಕು, ಅಂದರೆ ಹಗ್ಗವನ್ನು ಕೆಳಗಿನಿಂದ ಒಯ್ದು, ಬಂಡೆಗೆ ಹೊಡೆದ ಬೋಲ್ಟ್‌ಗಳಿಗೆ ಸಿಕ್ಕಿಸುತ್ತಾ ನಾನೇ ಮೊದಲು ಹತ್ತಬೇಕು. ಈಗಲೇ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಬೀಳುವುದೇ ಕಾಣುತ್ತದೆ. ಗೆಳೆಯರು 'ಹೆದರಬೇಡ ಮಾರಾಯ' ಅನ್ನುತ್ತಾರೆ. ಈ ಹೆದರಿಕೆ ಕಳೆದುಕೊಳ್ಳುವುದು ಹೇಗೆ?
(ಹೆಸರು ಬೇಡ, ಮಣಿಪಾಲ)

ಉತ್ತರ: ಕಳೆದುಕೊಳ್ಳುವ ಉಪಾಯ ಗೊತ್ತಿದ್ದರೆ ನಾನೇ ಮೊದಲು ಮಾಡುತ್ತಿದ್ದೆ. ನನಗೆ ಈಗ 53. ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಬಂಡೆ ಹತ್ತಲು ಶುರು ಮಾಡಿ 30 ವರ್ಷ ಆಯಿತು. ಈಗಲೂ ಬಾದಾಮಿಗೆ ಹೊರಡುವ ಹಿಂದಿನ ದಿನ ಊಟ ಸೇರುವುದಿಲ್ಲ. ಗಂಜಿ, ಮಿಡಿ ಉಪ್ಪಿನಕಾಯಿ, ಅಷ್ಟೇ.

ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಅದರ ಹಿಂದೆ ಬರೆಯಿರಿ, ನಿಮಗೆ ಹೆದರಿಕೆ ಯಾವುದರದ್ದು ಅಂತ. 'ಬೀಳುವುದು' ಅಂತ ಬರೆದು ಪೆನ್ನು ಮುಚ್ಚಬೇಡಿ. ಎಲ್ಲಿಂದ? ಎಷ್ಟು ದೂರ? ಹಿಡಿಯುವುದು ಯಾವುದು? ನನ್ನ ಮೊದಲ ಲೀಡಿಗೆ ಮುಂಚೆ ನಾನು ಬರೆದದ್ದು ಮೂರು. ಗಂಟು ಬಿಚ್ಚಿಹೋಗುವುದು. ಬೋಲ್ಟ್ ದಾಟಿದ ಮೇಲೆ ಕೈ ಜಾರುವುದು. ಕೆಳಗೆ ನಿಂತ ಹುಡುಗರು ನಗುವುದು. ಬರೆದು ನೋಡಿದರೆ, ಹೊಟ್ಟೆ ಜಾಸ್ತಿ ಕಿವುಚುತ್ತಿದ್ದದ್ದು ಮೂರನೆಯದೇ! ಅದಕ್ಕೆ ಬಂಡೆಯ ಮೇಲೆ ಮಾಡುವಂಥದ್ದು ಏನೂ ಇಲ್ಲ. ಗೀಟು ಹಾಕಿ ಹೊಡೆದುಬಿಟ್ಟೆ.

ಗಂಟಿನ ಹೆದರಿಕೆಯನ್ನು ಮಾತ್ರ ಹೊಡೆದು ಹಾಕಬೇಡಿ. ಅದು ಒಳ್ಳೆಯ ಹೆದರಿಕೆ. ಅಮೆರಿಕದ ಲಿನ್ ಹಿಲ್ ಗೊತ್ತಲ್ವಾ? 1989ರಲ್ಲಿ ಫ್ರಾನ್ಸಿನ ಬ್ಯೂ ಎಂಬಲ್ಲಿ ಆಕೆ ಹಗ್ಗವನ್ನು ಸೊಂಟಕ್ಕೆ ಕಟ್ಟುವ ಪಟ್ಟಿಯಾದ ಹಾರ್ನೆಸ್‌ಗೆ ಪೋಣಿಸಿದರು, ಗಂಟು ಪೂರ್ತಿ ಮಾಡುವ ಮೊದಲೇ ಗಮನ ಶೂ ಕಡೆ ಹೋಯಿತು. ಆ ಮೇಲೆ ಗಂಟಿನ ನೆನಪೇ ಇಲ್ಲ. ತುದಿ ಮುಟ್ಟಿ, ಇಳಿಯಲು ಹಿಂದಕ್ಕೆ ವಾಲಿದಾಗ ಹಗ್ಗ ಕಳಚಿಕೊಂಡಿತು. ಸುಮಾರು 22 ಮೀಟರ್ ಬಿದ್ದರು. ಮರದ ಕೊಂಬೆಗಳು ತಡೆದದ್ದರಿಂದ ಜೀವ ಉಳಿಯಿತು. ಆಗಲೇ ಆಕೆ ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬರು. ಅವತ್ತು ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ, ಸ್ವಲ್ಪ ಹೆದರಿಕೆ ಇದ್ದಿದ್ದರೆ ಒಂದು ಸಲ ಗಂಟು ಮುಟ್ಟಿ ನೋಡುತ್ತಿದ್ದರೋ ಏನೋ. ಅದಕ್ಕೇ ನಾನು ಗಂಟು ಹಾಕುವಾಗ ಯಾರು ಮಾತಾಡಿಸಿದರೂ ಉತ್ತರ ಕೊಡುವುದಿಲ್ಲ. ಆಮೇಲೆ ಬಿಲೇ ಮಾಡುವವರ, ಅಂದರೆ ಕೆಳಗೆ ನಿಂತು ನನ್ನ ಹಗ್ಗ ಹಿಡಿಯುವವರ, ಕೈಗೆ ಗಂಟು ಕೊಟ್ಟು ಎಳೆದು ನೋಡಿ ಅನ್ನುತ್ತೇನೆ. ಜಂಬದವಳು ಅಂತ ಒಂದಿಬ್ಬರು ಹೇಳಿದ್ದಾರೆ, ಹೇಳಲಿ.

ಇನ್ನು ಬೀಳುವುದು. ಕೊನೆಯ ಬೋಲ್ಟ್‌ಗಿಂತ ಒಂದು ಮೀಟರ್ ಮೇಲಿದ್ದರೆ ನೀವು ಬೀಳುವುದು ಎರಡು ಮೀಟರ್, ಜೊತೆಗೆ ಹಗ್ಗ ಹಿಗ್ಗುವಷ್ಟು. ಮೊದಲ ಒಂದೆರಡು ಬೋಲ್ಟ್‌ಗಳ ಹತ್ತಿರ ಇಷ್ಟಕ್ಕೇ ನೆಲ ತಾಗಬಹುದು, ಅಲ್ಲಿ ಹೆದರಿಕೆ ಇರಲೇಬೇಕು. ಅದಕ್ಕಿಂತ ಮೇಲೆ, ಕೆಳಗೆ ಮೆಟ್ಟಿಲಿನಂಥ ಚಾಚು ಇಲ್ಲದ ಕಡೆ, ಬೀಳುವುದನ್ನೂ ಅಭ್ಯಾಸ ಮಾಡಬಹುದು. ಅನುಭವ ಇರುವವರು ಬಿಲೇ ಮಾಡಲಿ. ಬೋಲ್ಟ್ ಸೊಂಟದ ಹತ್ತಿರ ಇರುವಾಗ ಒಮ್ಮೆ ಕೈ ಬಿಡಿ. ಆಮೇಲೆ ಮೊಣಕಾಲಿನ ಮಟ್ಟದಲ್ಲಿ. ಹತ್ತು ಸಲ ಬಿದ್ದರೆ ಸಾಕು, ಮೈಗೆ ಹಗ್ಗದ ಪರಿಚಯ ಆಗುತ್ತದೆ.

ರಾತ್ರಿ ಕಾಣುವ ದೃಶ್ಯಕ್ಕೂ ಅದೇ ಮದ್ದು. ಕೈ ಜಾರಿದ ಕಡೆ ನಿಮ್ಮ ಮನಸ್ಸು ನಿಲ್ಲಿಸಿಬಿಡುತ್ತದೆ, ಅಲ್ವಾ? ನಿಲ್ಲಿಸಬೇಡಿ, ಮುಂದೆ ಓಡಿಸಿ. ಹಗ್ಗ ಬಿಗಿಯಾಯಿತು, ಸೊಂಟಕ್ಕೆ ಒಂದು ಜಗ್ಗು, ಚಾಕ್ ಚೀಲ ಓಲಾಡಿತು, ಬಿಲೇ ಮಾಡುವವರು 'ಆಯ್ತಾ?' ಅಂದರು, ನೀವು ಮತ್ತೆ ಕಲ್ಲು ಹಿಡಿದಿರಿ. ಅಲ್ಲಿಯವರೆಗೆ ಓಡಿಸಿ.

ಆದರೂ ಬಂಡೆಯ ಮೇಲೆ ಮೈ ನಡುಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಮೂರನೇ ಬೋಲ್ಟ್ ದಾಟಿ ನಾನು ಒಮ್ಮೆ ಹೆಪ್ಪುಗಟ್ಟಿದ ಹಾಗೆ ನಿಂತೆ. ಬೆರಳ ತುದಿ ಬಿಳಿ ಆಗುವಷ್ಟು ಬಿಗಿಯಾಗಿ ಹಿಡಿದಿದ್ದೆ. ಮುಂಗೈ ಊದಿ ಕಲ್ಲಿನ ಹಾಗಾಯಿತು. ಬಲಗಾಲು ನಮ್ಮಮ್ಮನ ಹೊಲಿಗೆ ಮಿಷನ್ನಿನ ಹಾಗೆ ಟಕಟಕ ಕುಣಿಯಲು ಶುರು. ಕೆಳಗಿಂದ ಗೆಳತಿ ಕೂಗಿದ್ದು ಒಂದೇ ಮಾತು: 'ಹಿಮ್ಮಡಿ ಇಳಿಸು!' ಇಳಿಸಿದೆ, ಕಾಲು ನಿಂತಿತು. ತುದಿಗಾಲಲ್ಲಿ ಮೀನಖಂಡ ಸೆಟೆದು ದಣಿದಾಗ ಆ ಕುಣಿತ ಬರುತ್ತದೆ, ಹೆದರಿಕೆ ಅದನ್ನು ಹೆಚ್ಚಿಸುತ್ತದೆ. ಆಮೇಲೆ ಉಸಿರು. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ, ಎದೆಬಡಿತ ಇಳಿಯುತ್ತದೆ. ನಾಲ್ಕು ಉಸಿರು ಸಾಕು. ಆಮೇಲೆ ಹಿಡಿತವನ್ನು ಸ್ವಲ್ಪ ಸ್ವಲ್ಪ ಸಡಿಲಿಸಿ ನೋಡಿ. ಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಹಿಡಿದಿದ್ದಿರಿ ಅಂತ ನಿಮಗೇ ನಗು ಬರುತ್ತದೆ.

ಇನ್ನೊಂದು ಪಾಠ ನನಗೆ ಸಿಕ್ಕಿದ್ದು ಕಾರ್ಕಳದ ಕಡೆಯ ನಮ್ಮ ತೋಟದಲ್ಲಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯಲು ಒಬ್ಬರು ಬರುತ್ತಿದ್ದರು. ತಲೆಗೆ ಹಾಳೆಯ ಮುಟ್ಟಾಳೆ, ಕಾಲಿಗೆ ಮರ ಹತ್ತುವ ಬಳೆಯಂಥ ತಳೆ. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ವಾಲಿ ದಾಟಿಬಿಡುವ ಮನುಷ್ಯ. ಆದರೆ ಹತ್ತುವ ಮುಂಚೆ ಅಂಗೈಯಿಂದ ಮರವನ್ನು ಎರಡು ಸಲ ತಟ್ಟಿ, ಪಾಚಿಯನ್ನು ಉಗುರಿನಲ್ಲಿ ಕೆರೆದು, ತಲೆಯೆತ್ತಿ ನೋಡುತ್ತಿದ್ದರು. ಕೆಲವು ಮರಕ್ಕೆ 'ಇನಿ ಬೊಡ್ಚಿ' ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಇವತ್ತು ಬೇಡ, ಅಷ್ಟೇ. ಅಪ್ಪ ಗೊಣಗಿದರೂ ಕೇಳುತ್ತಿರಲಿಲ್ಲ. ನಡುಮರದಲ್ಲಿ ಅವರು ಯೋಚಿಸುತ್ತಾ ನಿಂತದ್ದು ನಾನು ನೋಡಿಯೇ ಇಲ್ಲ. ಯೋಚನೆಯೆಲ್ಲ ಬುಡದಲ್ಲೇ ಮುಗಿದಿರುತ್ತಿತ್ತು.

ನೀವೂ ಆ ಕ್ಯಾಲೆಂಡರ್ ಹಾಳೆಯ ಕೆಳಗೆ ನಿಮ್ಮ 'ಇನಿ ಬೊಡ್ಚಿ'ಗಳನ್ನು ಬರೆದಿಡಿ. ರಾತ್ರಿ ಮಳೆ ಬಂದಿದ್ದರೆ ಬೇಡ, ನೀರು ಕುಡಿದ ಮರಳುಗಲ್ಲಿನ ಹಿಡಿತ ಕಿತ್ತು ಬರುತ್ತದೆ. ಬಿಲೇ ಮಾಡುವವರ ಮೇಲೆ ನಂಬಿಕೆ ಇಲ್ಲದಿದ್ದರೆ ಬೇಡ. ಬಂಡೆಯ ಬುಡದಲ್ಲಿ ಹತ್ತು ಜನ ನೋಡುತ್ತಿರುವಾಗ ಹೊಸದಾಗಿ ಯೋಚಿಸಲು ಹೋದರೆ ಮರ್ಯಾದೆ ಪ್ರಶ್ನೆ ನಡುವೆ ಬರುತ್ತದೆ.

ಪ್ರಶ್ನೆ: ನನ್ನ ಮಗನಿಗೆ 17. ಹಗ್ಗ ಇಲ್ಲದೆ ಬಂಡೆ ಹತ್ತುವ ಅಲೆಕ್ಸ್ ಹೊನಾಲ್ಡ್ ವಿಡಿಯೋ ನೋಡಿ ನೋಡಿ, ಹಗ್ಗ ಎಲ್ಲ ಪುಕ್ಕಲರಿಗೆ ಅನ್ನುತ್ತಾನೆ. ಮೊಬೈಲ್ ಕಿತ್ತುಕೊಳ್ಳಲೇ?
(ಒಬ್ಬ ತಾಯಿ, ಕಿನ್ನಿಗೋಳಿ)

ಉತ್ತರ: ಕಿತ್ತುಕೊಂಡರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. ಪೂರ್ತಿ ಕಥೆ ಹೇಳಿ. 2017ರ ಜೂನ್ 3ರಂದು ಹೊನಾಲ್ಡ್ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗ ಇಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದರು, ನಿಜ. ಅದಕ್ಕೆ ಮುಂಚೆ ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿದ್ದರು. ಕಷ್ಟದ ಕಡೆ ಯಾವ ಕೈ ಎಲ್ಲಿ, ಯಾವ ಕಾಲು ಎಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದ್ದರು. 2016ರಲ್ಲಿ ಒಮ್ಮೆ ಹಗ್ಗ ಇಲ್ಲದೆ ಹೊರಟು, ಮನಸ್ಸಿಗೆ ಸರಿ ಬರದೆ ಅರ್ಧಕ್ಕೇ ಬಿಟ್ಟರು. ನಿಮ್ಮ ಮಗ ನೋಡಿದ ವಿಡಿಯೋದಲ್ಲಿ ಇದೆಲ್ಲ ಇತ್ತಾ ಅಂತ ಕೇಳಿ. ಅವನಿಗೆ ನಿಜಕ್ಕೂ ಆಸೆ ಇದ್ದರೆ ತರಬೇತಿಗೆ ಸೇರಿಸಿ. ಬೆಂಗಳೂರಿನಲ್ಲಿ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ವಿಚಾರಿಸಿ. ಅಲ್ಲಿಯವರೆಗೆ ಊರಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆ ಗೋಡೆ ಹತ್ತಲು ಬಿಡಬೇಡಿ. ನಮ್ಮ ಮುರಕಲ್ಲು ಮನೆ ಕಟ್ಟಲು ಚೆನ್ನ, ಹಿಡಿದರೆ ಉದುರಿ ಕೈಗೇ ಬರುತ್ತದೆ.

ಪ್ರಶ್ನೆ: ವಯಸ್ಸು 61. ಮೊಮ್ಮಕ್ಕಳ ಜೊತೆ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಬೆಟ್ಟ ಹತ್ತುವ ಆಸೆ. ಹತ್ತುವುದಕ್ಕೆ ಹೆದರಿಕೆ ಇಲ್ಲ, ಇಳಿಯುವಾಗ ಕೆಳಗೆ ನೋಡಿದರೆ ತಲೆ ತಿರುಗುತ್ತದೆ.
(ಓದುಗರು, ಉಚ್ಚಿಲ)

ಉತ್ತರ: ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ, ಈ ತಲೆ ತಿರುಗುವುದು ಎತ್ತರದ್ದೋ ಬಿ.ಪಿ.ಯದ್ದೋ ಅಂತ. ಎತ್ತರದ್ದೇ ಆದರೆ ಹೋಗಿ ಬನ್ನಿ. 1,800ಕ್ಕೂ ಜಾಸ್ತಿ ಮೆಟ್ಟಿಲಿದೆ, ಬೆಳಿಗ್ಗೆ ಬೇಗ ಹೊರಡಿ. ಹತ್ತುವಾಗಲೇ ನೂರು ಮೆಟ್ಟಿಲಿಗೊಮ್ಮೆ ತಿರುಗಿ ನಿಂತು ಕೆಳಗೆ ನೋಡಿ, ಆಗ ಇಳಿಯುವ ಹೊತ್ತಿಗೆ ಆ ನೋಟ ಹೊಸತಾಗಿರುವುದಿಲ್ಲ. ಇಳಿಯುವಾಗ ಬಂಡೆಯ ಕಡೆಗೆ ಅಡ್ಡ ತಿರುಗಿ, ಕಣ್ಣು ಮುಂದಿನ ಮೂರು ಮೆಟ್ಟಿಲ ಮೇಲಿರಲಿ. ಮೊಮ್ಮಕ್ಕಳು ನಿಮ್ಮ ಮುಂದೆ ಓಡದಂತೆ ಮೊದಲೇ ಹೇಳಿ. ಮಳೆಗಾಲದಲ್ಲಿ ಬೇಡ. ರಬ್ಬರ್ ಚಪ್ಪಲಿ ಮನೆಯಲ್ಲೇ ಇರಲಿ.