ಲಾಭ ಅಂದಿರಿ, ಯಾರಿಗೆ ಅಂತ ಹೇಳಲಿಲ್ಲ

ಯಲ್ಲಾಪುರದ ಗೆಳೆಯರೆ,

ನೀವು ಕಳಿಸಿದ ‘ಒಲಿಂಪಿಕ್ಸ್ ಬರಲಿ, ಭಾರತ ಬೆಳೆಯಲಿ’ ಲೇಖನ ಓದಿದೆ. ಈ ಸಲ ಹಾಕುತ್ತಿಲ್ಲ. ಹೀಗಾದಾಗ ಸಾಮಾನ್ಯವಾಗಿ ಎರಡು ಸಾಲು ಬರೆದು ಕಳಿಸಿ ಸುಮ್ಮನಾಗುತ್ತೇನೆ. ನಿಮ್ಮ ಲೇಖನ ಮಾತ್ರ ರಾತ್ರಿ ಊಟ ಆದ ಮೇಲೂ ತಲೆ ಕೊರೆಯುತ್ತಾ ಇತ್ತು. ಅದಕ್ಕೇ ಇಷ್ಟುದ್ದ ಪತ್ರ. ನಿಮ್ಮ ಹೆಸರು ಬಿಟ್ಟು ಇದನ್ನು ಪತ್ರಿಕೆಯಲ್ಲೇ ಅಚ್ಚು ಹಾಕುತ್ತಿದ್ದೇನೆ. ಇದೇ ಜಾತಿಯ ಲೇಖನಗಳು ಶಿರಸಿಯ ಈ ಮೇಜಿನ ಮೇಲೆ ಇನ್ನೂ ಬೇಕಾದಷ್ಟು ಬಿದ್ದಿವೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಸ್ವಚ್ಛವಾಗಿದೆ. ಕಾಗುಣಿತ ತಪ್ಪಿಲ್ಲ, ಈಗ ಅದೇ ದೊಡ್ಡದು. 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆ ಇದೆ ಅಂತ ಭಾರತ 2024ರ ಅಕ್ಟೋಬರಿನಲ್ಲಿ ಪತ್ರ ಕೊಟ್ಟಿದ್ದು, 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದ್ದು ಎಲ್ಲ ಸರಿಯಾಗಿದೆ. ಮೊದಲ ಪ್ಯಾರಾ ಅಂತೂ ಚೆಂದ. 2021ರ ಆಗಸ್ಟ್ 7ರ ಸಂಜೆ, ಹೊರಗೆ ಮಳೆ, ಕರೆಂಟಿಲ್ಲ, ಚಹಾ ಅಂಗಡಿಯ ಮೂಲೆಯಲ್ಲಿ ಒಂದೇ ಮೊಬೈಲಿನ ಮೇಲೆ ಬಗ್ಗಿದ ತಲೆಗಳು. ನೀರಜ್ ಚೋಪ್ರಾ ಎಸೆದ ಜಾವೆಲಿನ್ 87.58 ಮೀಟರ್ ದಾಟಿದಾಗ ಅಂಗಡಿಯವರು ಯಾರ ಹತ್ತಿರವೂ ಚಹಾದ ದುಡ್ಡು ತಗೊಳ್ಳಲಿಲ್ಲ ಅಂತ ಬರೆದಿದ್ದೀರಿ. ಓದಿ ನನಗೂ ಖುಷಿಯಾಯಿತು.

ಆದರೆ ಆ ಪ್ಯಾರಾ ನಿಮ್ಮ ಲೇಖನದ ಬುಡವನ್ನೇ ಕಡಿಯುತ್ತದೆ, ಗಮನಿಸಿದಿರಾ? ಆ ಕೂಟ ನಡೆದದ್ದು ಟೋಕಿಯೊದಲ್ಲಿ. ಕೊರೋನಾ ಕಾರಣಕ್ಕೆ ಅಲ್ಲಿಯ ಜನರಿಗೇ ಕ್ರೀಡಾಂಗಣದ ಒಳಗೆ ಬಿಡಲಿಲ್ಲ. ಬಿಡ್ ಹಾಕುವಾಗ 73,400 ಕೋಟಿ ಯೆನ್ ಸಾಕು ಅಂದಿದ್ದರು. ಕೊನೆಗೆ ಅಧಿಕೃತ ಲೆಕ್ಕವೇ 1,42,000 ಕೋಟಿ ಯೆನ್ ದಾಟಿತು. ದುಡ್ಡು ಕೊಟ್ಟ ಟೋಕಿಯೊದವರು ಮನೆಯಲ್ಲಿ ಟಿವಿ ನೋಡಿದರು. ಒಂದು ಪೈಸೆ ಕೊಡದ ಯಲ್ಲಾಪುರದವರು ಕುಣಿದಾಡಿದಿರಿ, ಚಹಾ ಕೂಡ ಪುಕ್ಕಟೆ. ಇಷ್ಟು ಒಳ್ಳೆಯ ಸಾಮಗ್ರಿ ಕೈಯಲ್ಲಿದ್ದೂ ಎರಡನೇ ಪ್ಯಾರಾಕ್ಕೆ ಸರಕಾರಿ ಜಾಹೀರಾತಿನ ಭಾಷೆಗೆ ಹಾರಿಬಿಟ್ಟಿರಿ. ನನಗೆ ಸಿಟ್ಟು ಬಂದದ್ದು ಅಲ್ಲಿಂದ.

ನಿಮ್ಮ ಸಾಲು ಹೀಗಿದೆ: ‘ಇಂಥ ಕ್ರೀಡಾಕೂಟಗಳಿಂದ ಲಕ್ಷಾಂತರ ಉದ್ಯೋಗಗಳು ಸೃಷ್ಟಿಯಾಗಿ ದೇಶದ ಆರ್ಥಿಕತೆಗೆ ಹೊಸ ಚೈತನ್ಯ ದೊರೆಯುತ್ತದೆ.’

ಈ ಸಾಲಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕೆಲಸ ಕೊಟ್ಟವರು ಯಾರು, ಮಾಡಿದವರು ಯಾರು, ಸಂಜೆ ಎಷ್ಟು ಕೂಲಿ ಸಿಕ್ಕಿತು, ಕೂಟ ಮುಗಿದ ಮರುದಿನ ಅವರು ಎಲ್ಲಿಗೆ ಹೋದರು, ಒಂದೂ ಇಲ್ಲ. ದೆಹಲಿ ಏಷ್ಯಾಡ್, ಅಂದರೆ ಏಷ್ಯನ್ ಕ್ರೀಡಾಕೂಟ, ನಿಮಗಿಂತ ಹಳೆಯದು, ಆದರೆ ಅದರ ದಾಖಲೆ ಇದೆ. 1982ರ ನವೆಂಬರಿನಲ್ಲಿ ಕೂಟ. ಅದಕ್ಕೆ ಮೊದಲು ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಲು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದಿಂದ ಕೂಲಿಯವರನ್ನು ಕರೆತಂದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಕೂಲಿಯವರನ್ನು ಕರೆತಂದ ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದ. ಹೆಂಗಸರ ಕೈಗೆ ಬರುವುದು 7 ರೂಪಾಯಿ ಮಾತ್ರ ಅಂತ ದೂರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಅನ್ನುವ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಅದೇ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ಉದ್ಯೋಗ ಸೃಷ್ಟಿಯಾಯಿತು, ಸುಳ್ಳಲ್ಲ. ಆದರೆ ಆ ಒಂದು ರೂಪಾಯಿ ನಿಮ್ಮ ಸಾಲಿನಲ್ಲಿ ಎಲ್ಲಿದೆ?

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸೇರಿದ್ದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಡೆಸ್ಕಿನಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಬಾಯಲ್ಲಿ ಸದಾ ಎಲೆ ಅಡಕೆ, ಮಾತು ಕಡಿಮೆ. ಒಂದು ದಿನ ‘ಅಡಕೆ ಧಾರಣೆ ಏರಿಕೆ: ಜಿಲ್ಲೆಗೆ ಲಾಭ’ ಅಂತ ಒಂದು ಹೇಳಿಕೆ ಬಂತು. ಅದನ್ನು ನನ್ನ ಮುಂದೆ ಎಸೆದು, ‘ಜಿಲ್ಲಾ ಅಂದ್ರ ಯಾರಪಾ? ಅದಕ್ಕ ಕಿಸೆ ಐತೇನು? ನಿಮ್ಮೂರಿಗೇ ಹೋಗಿ ರೊಕ್ಕ ಎಲ್ಲೆಲ್ಲಿ ಹೋಗ್ತದ ನೋಡ್ಕೊಂಡ ಬಾ’ ಅಂದರು. ಬಸ್ಸಿನ ಚಾರ್ಜು ಕೂಡ ಕೊಡಲಿಲ್ಲ.

ಬಂದೆ. ತೋಟದಲ್ಲಿ ಮರ ಹತ್ತುವ ಕೊನೆಗೌಡನಿಂದ ಶುರು ಮಾಡಿದೆ. ಆಮೇಲೆ ಜಗಲಿಯ ಮೇಲೆ ರಾತ್ರಿ ಕೂತು ಅಡಕೆ ಸುಲಿಯುವ ಹೆಂಗಸರ ಹತ್ತಿರ. ಸುಲಿಯೋ ಕತ್ತಿಯ ಮೇಲೆ ಅಡಕೆ ಇಟ್ಟು ಒಂದು ಒತ್ತು, ಸಿಪ್ಪೆ ಒಂದು ಕಡೆ, ಬೆಟ್ಟೆ ಒಂದು ಕಡೆ. ಮಾತಾಡುವಾಗಲೂ ಕೈ ನಿಲ್ಲುವುದಿಲ್ಲ. ಕೂಲಿ ಡಬ್ಬಿ ಲೆಕ್ಕ. ಧಾರಣೆ ಏರಿದೆಯಂತಲ್ಲ ಅಂತ ಕೇಳಿದೆ. ‘ಹೌದಂತೆ. ನಮ್ಗೆ ಡಬ್ಬಿನೂ ಅದೇ, ದುಡ್ಡೂ ಅದೇ’ ಅಂದರು ಒಬ್ಬರು, ತಲೆ ಎತ್ತದೆ. ಮಾರನೆ ದಿನ ಮಂಡಿಯಲ್ಲಿ ಟೆಂಡರ್ ಚೀಟಿ ಹಾಕುವುದು, ದಲಾಲಿ, ಹಮಾಲಿ, ಎಲ್ಲ ಬರೆದುಕೊಂಡೆ. ಧಾರಣೆಯ ಏರಿಕೆ ಯಾರ ಮನೆ ಬಾಗಿಲ ತನಕ ಬಂದು ನಿಂತಿತು, ಯಾರ ಮನೆಗೆ ಬರಲೇ ಇಲ್ಲ ಅನ್ನುವುದು ಕಣ್ಣಿಗೆ ಕಾಣುವಂತಿತ್ತು. ಹಿರಿಯರು ಓದಿದರು. ಏನೂ ಅನ್ನಲಿಲ್ಲ. ತಲೆಬರಹದಿಂದ ‘ಜಿಲ್ಲೆಗೆ ಲಾಭ’ ಹೊಡೆದು ಹಾಕಿ ಕಂಪೋಸಿಂಗಿಗೆ ಕಳಿಸಿದರು. ಅವತ್ತಿನಿಂದ ‘ದೇಶಕ್ಕೆ ಲಾಭ’ ಅಂತ ಯಾರಾದರೂ ಬರೆದರೆ ನನ್ನ ಕೈ ಪೆನ್ನಿಗೆ ಹೋಗುತ್ತದೆ. ಅದರಲ್ಲೂ ನಮ್ಮ ಜಿಲ್ಲೆಯವರು ಬರೆದರೆ. ಕಾಳಿ ಅಣೆಕಟ್ಟಿಗೆ ಸೂಪಾ ಪೇಟೆ ಮುಳುಗಿತು. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾದ ಕಡಲಂಚಿನ ಊರುಗಳು ಒಕ್ಕಲೆದ್ದವು. ದೇಶಕ್ಕೆ ಉಪಯೋಗ ಆಗಿದೆ, ಇಲ್ಲ ಅನ್ನಲಾರೆ. ಆದರೆ ಮನೆ ಬಿಟ್ಟವರು ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದದ್ದನ್ನು ನೋಡಿದ ನಾವೇ ಹೀಗೆ ಬರೆದರೆ ಹೇಗೆ?

ಈಗ ನಿಮ್ಮ ಜಾತ್ರೆಗೆ ಬರುತ್ತೇನೆ.

‘ಶಿರಸಿ ಮಾರಿಕಾಂಬಾ ಜಾತ್ರೆಯಿಂದ ಇಡೀ ಊರಿಗೆ ವ್ಯಾಪಾರ ಆಗುವುದಿಲ್ಲವೆ? ಒಲಿಂಪಿಕ್ಸ್ ಎಂದರೆ ಜಗತ್ತಿನ ಜಾತ್ರೆ.’ ಈ ಸಾಲು ಬರೆದು ನೀವು ಖುಷಿಪಟ್ಟಿರಬೇಕು. ಓದುಗರೂ ತಲೆ ಆಡಿಸುತ್ತಾರೆ. ನಾನು ಆಡಿಸಲಿಲ್ಲ.

ನಮ್ಮ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೇ ಬಿಡಕಿಬೈಲಿನಲ್ಲಿ. ಚಪ್ಪರ ಏಳುತ್ತದೆ, ಅಂಗಡಿ ಸಾಲು ಏಳುತ್ತದೆ, ತೊಟ್ಟಿಲು ಬರುತ್ತದೆ, ನಾಟಕ ಕಂಪನಿ ಬರುತ್ತದೆ. ಮುಗಿದ ಮೇಲೆ ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ಮಾತಂಗಿ ಚಪ್ಪರವನ್ನಂತೂ ಸುಟ್ಟೇ ಬಿಡುತ್ತಾರೆ. ಮುಂದಿನ ಜಾತ್ರೆ ತನಕ ಬಣ್ಣ ಹೊಡೆಸಿ ಕಾಯಬೇಕಾದ ಕಾಂಕ್ರೀಟು ಯಾವುದೂ ಉಳಿಯುವುದಿಲ್ಲ. ಅಂಗಡಿ ಜಾಗದ ಹರಾಜಿನ ದುಡ್ಡು ದೇವಸ್ಥಾನಕ್ಕೇ ಬರುತ್ತದೆ. ಒಲಿಂಪಿಕ್ಸಿನಲ್ಲಿ ಟಿವಿ ಹಕ್ಕು ಮಾರುವವರು, ದೊಡ್ಡ ಪ್ರಾಯೋಜಕರ ಜೊತೆ ಒಪ್ಪಂದ ಮಾಡಿಕೊಳ್ಳುವವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು. ಅದರಲ್ಲಿ ಒಂದು ಪಾಲು ನಡೆಸಿಕೊಡುವ ಊರಿಗೆ ಬರುತ್ತದೆ. ಕ್ರೀಡಾಂಗಣ, ರಸ್ತೆ, ಪೊಲೀಸು ಊರಿನವರ ಖರ್ಚು. ಕಡಿಮೆ ಬಿದ್ದರೆ ತುಂಬಿಕೊಡುವವರೂ ಅವರೇ.

ಇನ್ನು ‘ಪ್ರವಾಸಿಗರ ಮಹಾಪೂರ’ ಅಂತ ಒಂದು ಮಾತು ಹಾಕಿದ್ದೀರಿ. ಜಾತ್ರೆ ವಾರದಲ್ಲಿ ಶಿರಸಿ ಪೇಟೆಗೆ ಬೇರೆ ಕೆಲಸಕ್ಕೆ ಯಾರಾದರೂ ಬರುತ್ತಾರಾ? ಆಸ್ಪತ್ರೆ ಕೆಲಸ ಇದ್ದರೂ ‘ಜಾತ್ರೆ ಮುಗೀಲಿ ತಡಿ’ ಅನ್ನುತ್ತಾರೆ. ಲಂಡನ್ನಿನಲ್ಲೂ ಹಾಗೇ ಆಯಿತು. 2012ರ ಆಗಸ್ಟಿನಲ್ಲಿ, ಕೂಟ ನಡೆಯುತ್ತಿದ್ದಾಗಲೇ, ಬ್ರಿಟನ್ನಿಗೆ ಬಂದ ಹೊರದೇಶದವರು ಹಿಂದಿನ ವರ್ಷದ ಆಗಸ್ಟಿಗಿಂತ ಕಡಿಮೆ. ಆಟ ನೋಡುವವರು ಬಂದರು. ಸುಮ್ನೆ ಊರು ನೋಡಲು ಬರುವವರು ಗದ್ದಲ, ದುಬಾರಿ ಅಂತ ಆ ಕಡೆ ತಲೆ ಹಾಕಲಿಲ್ಲ. ನಿಮ್ಮ ಹೋಲಿಕೆಯನ್ನು ನೀವೇ ಇನ್ನು ಸ್ವಲ್ಪ ದೂರ ಎಳೆದಿದ್ದರೆ ಇದು ಸಿಗುತ್ತಿತ್ತು. ಚೆಂದ ಕಂಡ ಕೂಡಲೇ ಕೈ ಬಿಟ್ಟಿರಿ.

ನಿಜವಾಗಿ ಜಾತ್ರೆಯ ಹಾಗೆ ನಡೆಸಿದವರು 1984ರ ಲಾಸ್ ಏಂಜಲೀಸಿನವರು. ಅದಕ್ಕೆ ಕಾರಣ ಕೆನಡಾದ ಮಾಂಟ್ರಿಯಲ್. 1976ರಲ್ಲಿ ಅಲ್ಲಿ ಒಲಿಂಪಿಕ್ಸ್ ನಡೆಯುವ ಮುಂಚೆ ಮೇಯರ್ ಝಾನ್ ಡ್ರಾಪೋ, ಗಂಡಸು ಹೇಗೆ ಹೆರಲಾರನೋ ಹಾಗೆ ಒಲಿಂಪಿಕ್ಸ್ ನಷ್ಟ ಮಾಡಲಾರದು ಅಂದಿದ್ದರು. ಆ ಕೂಟದ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ, ಅದೂ ಸಿಗರೇಟಿನ ಮೇಲೆ ತೆರಿಗೆ ಹಾಕಿ. ಇದನ್ನು ಕಂಡವರು ಹೆದರಿ ದೂರ ಉಳಿದರು. ಪೈಪೋಟಿ ಇಲ್ಲದ ಕಾರಣ ಲಾಸ್ ಏಂಜಲೀಸ್ ತನ್ನ ಷರತ್ತು ಹೇಳಿ ಒಪ್ಪಿಸಿಕೊಂಡಿತು. 1932ರ ಒಲಿಂಪಿಕ್ಸಿನ ಹಳೆ ಕ್ರೀಡಾಂಗಣವನ್ನೇ ಬಳಸಿತು. ಕೊನೆಗೆ 23 ಕೋಟಿ ಡಾಲರಿನಷ್ಟು ಉಳಿಯಿತು. ನೀವು ಈ ಎರಡೂ ಊರಿನ ಹೆಸರು ಒಂದೇ ಸಾಲಿನಲ್ಲಿ ‘ಯಶಸ್ವಿ ಒಲಿಂಪಿಕ್ಸ್‌ಗಳು’ ಅಂತ ಜೋಡಿಸಿದ್ದೀರಿ!

ಹಾಗೆಯೇ ‘ಜಗತ್ತಿನ ದೇಶಗಳೆಲ್ಲ ಈ ಅವಕಾಶಕ್ಕಾಗಿ ಮುಗಿಬೀಳುತ್ತಿವೆ’ ಅನ್ನುವ ಸಾಲು ತೆಗೆಯಿರಿ. 2024ರ ಒಲಿಂಪಿಕ್ಸಿಗೆ ಹೆಸರು ಕೊಟ್ಟಿದ್ದ ಊರುಗಳನ್ನೇ ನೋಡಿ. 2015ರಲ್ಲಿ ಹ್ಯಾಂಬರ್ಗಿನವರು ವೋಟು ಹಾಕಿ ಬೇಡ ಅಂದರು. ಬಾಸ್ಟನ್ ಹಿಂದೆ ಸರಿಯಿತು, ಬುಡಾಪೆಸ್ಟ್ ಸರಿಯಿತು. ಉಳಿದದ್ದು ಎರಡೇ ಊರು. ಎಲ್ಲಿ ಅವರೂ ಓಡಿ ಹೋಗುತ್ತಾರೋ ಅಂತ 2017ರಲ್ಲಿ 2024ನ್ನು ಪ್ಯಾರಿಸಿಗೆ, 2028ನ್ನು ಲಾಸ್ ಏಂಜಲೀಸಿಗೆ ಒಟ್ಟಿಗೇ ಕೊಟ್ಟರು. 2026ರ ಕಾಮನ್‌ವೆಲ್ತ್ ಕೂಟ ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2023ರಲ್ಲಿ ಕೈ ಎತ್ತಿತು. ನಡೆಸದೇ ಇರುವುದಕ್ಕೆ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಟ್ಟು ಪಾರಾಯಿತು. ಕೊಳ್ಳುವವರು ಕಡಿಮೆ ಇರುವಾಗ ಚೌಕಾಶಿ ಮಾಡಬಹುದು. ಭಾರತ ಏನು ಷರತ್ತು ಕೇಳಬೇಕು ಅಂತ ನೀವು ಬರೆದಿದ್ದರೆ ಕಣ್ಣು ಮುಚ್ಚಿ ಹಾಕುತ್ತಿದ್ದೆ.

ಕ್ರೀಡಾಂಗಣಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮುಂದಿನ ಪೀಳಿಗೆಯ ಆಸ್ತಿ’ ಅನ್ನುವ ಮುಂಚೆ ಬ್ರೆಜಿಲಿನ ಮನೌಸ್ ಬಗ್ಗೆ ಓದಿ. ಅಮೆಜಾನ್ ಕಾಡಿನ ನಡುವೆ 2014ರ ವಿಶ್ವಕಪ್ಪಿಗೆ ಕಟ್ಟಿದ ಕ್ರೀಡಾಂಗಣ, ಊರಿನಲ್ಲಿ ಮೇಲಿನ ದರ್ಜೆಯ ತಂಡವೇ ಇರಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕೂಟವನ್ನು ‘ಕೆಲವು ಲೋಪಗಳ ನಡುವೆಯೂ’ ಅಂತ ಮೂರು ಪದದಲ್ಲಿ ದಾಟಿಸಿದ್ದೀರಿ. ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿ ಆ ಖರ್ಚು 18,532 ಕೋಟಿ ರೂಪಾಯಿ. ಕೂಟಕ್ಕೆ ಎರಡು ವಾರ ಇರುವಾಗ ಮುಖ್ಯ ಕ್ರೀಡಾಂಗಣದ ಪಕ್ಕದ ಕಾಲುಸೇತುವೆ ಬಿದ್ದು 27 ಕೆಲಸಗಾರರು ಗಾಯಗೊಂಡರು. ನಾವು 38 ಚಿನ್ನ ಸೇರಿ 101 ಪದಕ ಗೆದ್ದದ್ದೂ ಅಲ್ಲೇ. ಹೆಮ್ಮೆ ಪಡಿ, ಯಾರು ಬೇಡ ಅಂದರು? ಹೆಮ್ಮೆಗೆ ಇಷ್ಟು ಖರ್ಚಾಯಿತು, ನನಗೆ ಇದು ಒಪ್ಪಿಗೆ ಅಂತ ನೇರ ಬರೆಯಿರಿ. ಅದು ಒಂದು ವಾದ. ಹೆಮ್ಮೆಯನ್ನು ಲಾಭದ ಖಾತೆಗೆ ಜಮಾ ಮಾಡಬೇಡಿ.

ಕೊನೆಯ ಪ್ಯಾರಾದಲ್ಲಿ ‘ಗ್ರಾಮೀಣ ಪ್ರತಿಭೆಗಳು ಅರಳುತ್ತವೆ’ ಅಂದಿದ್ದೀರಿ. ಇದು ಬರೆದದ್ದು ಯಲ್ಲಾಪುರದಲ್ಲಿ ಕೂತು. ಅದೇ ನನಗೆ ತಡೆಯಲಾಗದ್ದು. ಏಷ್ಯಾಡ್ ಮುಗಿದ ಮೇಲೆ, ಆ ಕ್ರೀಡಾಂಗಣಗಳನ್ನು ನೋಡಿಕೊಳ್ಳಲು, ಆ ಹುರುಪನ್ನು ಮುಂದುವರಿಸಲು 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಶುರುವಾಯಿತು. ಅದೇ ಪ್ರಾಧಿಕಾರ 1987ರಲ್ಲಿ ಒಂದು ವಿಶೇಷ ಯೋಜನೆ ಹಾಕಿ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ನಿಮ್ಮ ಕಡೆಯ ಕಾಡಿಗೆ ಬಂತು. ಮೂಲ ಆಫ್ರಿಕಾ, ಹಾಗಾಗಿ ಓಡುತ್ತಾರೆ, ಒಲಿಂಪಿಕ್ ಪದಕ ತರುತ್ತಾರೆ ಅನ್ನುವ ಲೆಕ್ಕ. ಆ ಲೆಕ್ಕದ ಬಗ್ಗೆಯೇ ಬೇಕಾದಷ್ಟು ಬರೆಯಬಹುದು. ಮಕ್ಕಳು ಹಾಸ್ಟೆಲಿಗೆ ಹೋದರು, ತರಬೇತಿ ಪಡೆದರು, ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಯೋಜನೆ ನಿಂತಿತು. ಮಕ್ಕಳು ವಾಪಸು ಬಂದರು. ಅಂದರೆ ದೆಹಲಿಯ ಒಂದು ಕೂಟದ ಲಾಭ ಯಲ್ಲಾಪುರ, ಹಳಿಯಾಳದ ಸಿದ್ದಿ ಕೇರಿಗಳ ತನಕ ಬಂದಿತ್ತು, ಬಂದು ನಡುದಾರಿಯಲ್ಲಿ ನಿಂತಿತು. ನಿಮ್ಮ ಲೇಖನದಲ್ಲಿ ಅವರ ಬಗ್ಗೆ ಒಂದಕ್ಷರ ಇಲ್ಲ.

ಹಾಗಾಗಿ ಹೀಗೆ ಮಾಡಿ. ಮೊದಲ ಪ್ಯಾರಾ ಇಟ್ಟುಕೊಳ್ಳಿ, ಉಳಿದದ್ದು ಬಿಡಿ. ಆಗ ಹಾಸ್ಟೆಲಿಗೆ ಹೋದ ಮಕ್ಕಳು ಈಗ ಐವತ್ತರ ಆಸುಪಾಸು ಇರುತ್ತಾರೆ. ಹೋಗಿ ಮಾತಾಡಿಸಿ. ಕೂತ ಕೂಡಲೇ ಒಲಿಂಪಿಕ್ಸ್ ಅಂತ ಶುರು ಮಾಡಬೇಡಿ. ಹಾಸ್ಟೆಲಿನಲ್ಲಿ ಊಟಕ್ಕೆ ಏನಿರುತ್ತಿತ್ತು, ಮೊದಲ ಸಲ ಬೂಟು ಹಾಕಿದಾಗ ಕಾಲು ಏನಾಯಿತು, ವಾಪಸು ಕಳಿಸಿದ ದಿನ ಯಾರು ಬಂದು ಏನು ಹೇಳಿದರು, ಆಮೇಲೆ ಯಾವ ಕೆಲಸ ಹಿಡಿದರು ಅಂತ ಕೇಳಿ. ಅವರ ಹೆಸರು ಹಾಕುವ ಮುಂಚೆ ಒಪ್ಪಿಗೆ ತಗೊಳ್ಳಿ. 2036 ಬೇಕೋ ಬೇಡವೋ ಅಂತ ಅವರನ್ನೇ ಕೇಳಿ, ಅವರು ಅಂದದ್ದನ್ನು ಹಾಗೇ ಬರೆಯಿರಿ, ತಿದ್ದಬೇಡಿ.

ಸಾವಿರದ ಇನ್ನೂರು ಪದ ಮೀರಬಾರದು. ಮಳೆಗಾಲ ಮುಗಿಯುವುದರೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಸಂಭಾವನೆ ಬಸ್ ಚಾರ್ಜಿಗೆ ಸಾಕಾದೀತು, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ನಿಮ್ಮ,
ಸಂಪಾದಕ